ಅಕ್ಕಿ ಹಾಡು

ಮಂಡಿ ಮೊಹಲ್ಲಾದ ಮುನವ್ವರ್ ಸಾಹೇಬರು
ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ ಒರೆಸಿದರು,
ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ತೂರಿಸಿ ಒಂದು ಸುತ್ತು ಸುತ್ತಿದರು.
‘ಟೇಪು ಬದುಕಿದೆ, ಬೆಲ್ಟು ಸತ್ತಿದೆ’
ಅಂದರು, ನನ್ನ ಮುಖ ನೋಡದೆ,
ಕೆ.ಆರ್. ಆಸ್ಪತ್ರೆಯ ಹಳೇ ಡಾಕ್ಟರ ಹಾಗೆ.

ಕ್ಯಾಸೆಟ್ಟಿನ ಬೆನ್ನ ಮೇಲೆ ಅಮ್ಮನ ಅಕ್ಷರ:
ಅಕ್ಕಿ ಹಾಡು.

ತೊಂಬತ್ತನಾಲ್ಕನೇ ಇಸವಿ ಇರಬೇಕು.
ಲಕ್ಷ್ಮೀಪುರಂನ ನಮ್ಮ ಮಹಡಿ ಕೋಣೆಗೆ
ಯೋಗ ಕಲಿಯಲು ಬಂದಿದ್ದಳು ಚಿಹಾರು.
ಬೆಳಿಗ್ಗೆ ಬೆವರಿ ಬಂದು ಹೊಸಿಲ ಮೇಲೆ ಕೂತು
ಆರು ಇಡ್ಲಿ ತಿನ್ನುವಳು,
ಕರಿಬೇವನ್ನೆಲ್ಲ ತಟ್ಟೆಯಂಚಿಗೆ
ಸ್ಕೂಲ್ ಮಕ್ಕಳ ಹಾಗೆ ಸಾಲು ನಿಲ್ಲಿಸಿ.
ಹೊರಡುವ ದಿನ ಈ ಕ್ಯಾಸೆಟ್ ಕೊಟ್ಟಳು.
ಹಾಡಿದವಳು ಅಕಿ. ಅಕಿ ಅಂದರೆ ಎಲೆ ಉದುರುವ ಕಾಲ.
ಬರೆದವಳೂ ಅವಳೇ, ರಾಗ ಕಟ್ಟಿದವಳೂ ಅವಳೇ,
ಅವಳ ಬೀದಿಯವರಿಗೇ ಅವಳು ಗೊತ್ತಿಲ್ಲವಂತೆ.
‘ನಮಗೆ ಗೊತ್ತಲ್ಲ ಬಿಡು, ಅಕ್ಕಿ’ ಅಂದಳು ಅಮ್ಮ.

ಏನು ಹಾಡು ಅದು!
ಶುರುವಿಗೆ ಟಾಂಗಾ ಕುದುರೆಯ ಗೊರಸು,
ಅದರ ಬೆನ್ನಿಗೆ ಇರ್ವಿನ್ ರಸ್ತೆಯ ಮದುವೆ ಬ್ಯಾಂಡಿನಂಥ ಕ್ಲಾರಿನೆಟ್,
ಥಟ್ಟನೆ ಯಾರೋ ಏಕತಾರಿ ಮೀಟಿದಂತೆ ಒಂದೇ ತಂತಿ,
ಕೆಳಗೆಲ್ಲೋ ದಪ್ಪ ಗಿಟಾರು
ಊಟವಾದ ಮೇಲೆ ಅಂಗಳದಲ್ಲಿ
ಶತಪಥ ಹಾಕುವ ಮಾವನ ಹಾಗೆ.
ಇದು ಯಾವ ಜಾತಿಯ ಹಾಡು ಅಂತ ಅಪ್ಪ ಕೇಳಿದರು.
ಯಾರಿಗೂ ತೋಚಲಿಲ್ಲ.
ಪಲ್ಲವಿ ಮಾತ್ರ ಅಚ್ಚ ಕನ್ನಡ:
ಮತ್ತೆ... ಮತ್ತೆ...
ಅವಳೇ ಕೇಳುತ್ತಿದ್ದಾಳಲ್ಲ ಅಂತ
ಹತ್ತು ವರ್ಷದ ನಾನು ಮತ್ತೆ ಮತ್ತೆ
ಹಿಂದಕ್ಕೆ ಸುತ್ತಿ ಸುತ್ತಿ ಹಾಕುತ್ತಿದ್ದೆ.

ಒಂದು ದಿನ ಅಣ್ಣ ಕೆಂಪು ಗುಂಡಿ ಒತ್ತಿದ.
ಹನ್ನೊಂದು ಸೆಕೆಂಡು.
ಎರಡನೇ ಚರಣ ಮುಗಿಯುವಲ್ಲಿ
ಜಪಾನು ಕಡಿದುಬಿತ್ತು, ನಮ್ಮ ಅಡುಗೆಮನೆ ಶುರು:
‘ಲೋ ಚನ್ನಿಗ, ಹಾಲು ಉಕ್ತಿದೆ ನೋಡೋ!’
ಒಂದು ಲೋಟ ಉರುಳುವ ಸದ್ದು,
ಸ್ಟೌ ಆರುವ ಸುಯ್,
ಆಮೇಲೆ ಏನೂ ಆಗಿಲ್ಲವೆಂಬಂತೆ ಅಕಿ, ಅರ್ಧ ಉಸಿರಲ್ಲಿ.

ಟೇಪ್ ರೆಕಾರ್ಡರ್ ಕೆಟ್ಟಿತು. ಮನೆ ಬದಲಾಯಿತು.
ಹಾಡು ಮರೆತೇಹೋಯಿತು, ನಿಜ ಹೇಳಬೇಕೆಂದರೆ.

ಮೊನ್ನೆ ಪಿಗ್ಮಿ ಕಲೆಕ್ಷನ್ನಿಗೆ ಗೋಕುಲಂ ಸುತ್ತುತ್ತಿದ್ದೆ.
ಕಾಫಿ ಅಂಗಡಿಯ ಸುಷ್ಮಿತಾ ಐವತ್ತು ರೂಪಾಯಿ ಎಣಿಸುವಾಗ
ಮೂಲೆಯ ಟೇಬಲ್ಲಿನಿಂದ ಟಾಂಗಾ ಬಂತು.
ರಸೀದಿ ಹರಿಯುವ ಕೈ ಅಲ್ಲೇ ನಿಂತಿತು.
ತಲೆ ಬೋಳಿಸಿದ ಹುಡುಗ, ಅವನ ಫೋನು, ಅವಳ ದನಿ.
ನನ್ನ ಹರಕು ಇಂಗ್ಲಿಷು, ಅವನದು ಇನ್ನೂ ಹರಕು.
ಅಕಿ? ಅಂದೆ. ಎದ್ದೇ ನಿಂತುಬಿಟ್ಟ.
ಅವನ ಚಿಕ್ಕಮ್ಮ ಸತ್ತಾಗ ಬೀರುವಿನಲ್ಲಿ ಸಿಕ್ಕಿತಂತೆ ತಟ್ಟೆ,
ಇನ್ನೂರೋ ಮುನ್ನೂರೋ ಮಾತ್ರ ಮಾಡಿಸಿದ್ದಂತೆ.
ನಮ್ಮಲ್ಲಿ ಮತ್ತೆ ಅಂದರೆ ಇನ್ನೊಮ್ಮೆ, ಅಂದೆ.
ಅವನು ಅಂಗೈ ಎತ್ತಿ, ಟ್ರಾಫಿಕ್ ಪೊಲೀಸಿನ ಹಾಗೆ,
ನಮ್ಮಲ್ಲಿ ತಾಳು, ಅಂದ.

ತಾಳು, ತಾಳು ಅಂತ ಅವಳು ಅಂಗಲಾಚಿದಾಗೆಲ್ಲ
ಅವಳನ್ನು ಶುರುವಿಗೇ ಎಳೆದೊಯ್ದೆನಲ್ಲ,
ಎಷ್ಟು ಸಲವೋ.

ಹಾಡು ನನ್ನ ಫೋನಿಗೂ ಬಂತು, ಇಡಿಯಾಗಿ.
ಹನ್ನೊಂದು ಸೆಕೆಂಡಿನ ಜಾಗದಲ್ಲಿ ಒಂದು ಕೊಳಲಿದೆ,
ತುಂಬಾ ಚೆನ್ನಾಗಿದೆ, ಇಲ್ಲ ಅನ್ನಲಾರೆ.
ನನ್ನ ಕಿವಿ ಮಾತ್ರ ಸೀದ ಹಾಲಿನ ವಾಸನೆಗೆ ಕಾಯುತ್ತದೆ.
ಕಿವಿಗೆ ವಾಸನೆ ಹೇಗೆ ಅಂತ ಕೇಳಬೇಡಿ.

ಅಮ್ಮ ಅವರೆಕಾಳು ಹಿತುಕುತ್ತಿದ್ದಳು.
ಫೋನು ಹತ್ತಿರ ಇಟ್ಟೆ.
ಗೊರಸು, ಕ್ಲಾರಿನೆಟ್, ತಂತಿ.
ತಲೆದೂಗಿದಳು, ‘ಅಕ್ಕಿ ಅಲ್ವಾ’ ಅಂದಳು.
ಎರಡನೇ ಚರಣ, ಕೊಳಲು.
ಬೇಳೆಯೊಂದು ಚಿಮ್ಮಿ ಫ್ರಿಜ್ಜಿನಡಿ ಹೋಯಿತು.
‘ನಾನೆಲ್ಲೇ?
ನನ್ನ ಜಾಗಕ್ಕೆ ಯಾವನನ್ನೋ ಕೂರಿಸಿದಾರಲ್ಲ!’

ನಾಳೆ ಮುನವ್ವರ್ ಸಾಹೇಬರ ಹತ್ತಿರ ಹೋಗಬೇಕು.
ಬೆಲ್ಟು ಬೆಂಗಳೂರಿಂದ ಬರಬೇಕಂತೆ, ಗುರುವಾರ ಅಂದಿದ್ದಾರೆ.
ಶುಕ್ರವಾರವೂ ಆಗಬಹುದು.